ಹೂಳಿನಲ್ಲಿ ಸಿಕ್ಕ ಕೊಡಲಿ

ಬೆಂಗಳೂರು ಸೀಮೆಯ ವಿಜಯಪುರದ ರೇಷ್ಮೆ ಹುರಿ ಕಾರ್ಖಾನೆಯೊಂದರಲ್ಲಿ ಮಿಷಿನ್ ರಿಪೇರಿ ಮಾಡುತ್ತಿದ್ದ ಸಂಜೀವಪ್ಪನಿಗೆ ಹಳೇ ಕೊಡಲಿಗಳ ಹುಚ್ಚು. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಹಳ್ಳಿಗಳ ಕಡೆ ಹೊರಟುಬಿಡುತ್ತಿದ್ದ. ಗುಜರಿ ಅಂಗಡಿ, ಕುಲುಮೆಯ ಮೂಲೆ, ಪಾಳುಬಿದ್ದ ಕೊಟ್ಟಿಗೆ, ಎಲ್ಲಿ ತುಕ್ಕು ಹಿಡಿದ ಕೊಡಲಿ ಕಂಡರೂ ಕೇಳಿ ಈಸಿಕೊಂಡು ಬರುತ್ತಿದ್ದ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಇಟ್ಟಿಗೆ ಪುಡಿಯಲ್ಲಿ ಉಜ್ಜಿ, ಸಾಣೆ ಹಿಡಿದು, ಹಿಡಿಗೆ ಹೊಸ ಮರದ ಕಾವು ಹಾಕಿ ಪಡಸಾಲೆಯ ಗೋಡೆಗೆ ನೇತುಹಾಕುತ್ತಿದ್ದ. ಮರ ಉರುಳಿಸುವ ದಪ್ಪ ಕೊಡಲಿಯಿಂದ ಹಿಡಿದು ಪುಳ್ಳೆ ಸೀಳುವ ಕೈಗೊಡಲಿಯವರೆಗೆ ಗೋಡೆ ತುಂಬ ಅವೇ.

"ಬೇರೆಯವರ ಮನೇಲಿ ದೇವರ ಪಟ ಇರ್ತವೆ. ನಮ್ಮನೆಗೆ ಬಂದ ನೆಂಟರು ಗೋಡೆಗೆ ಒರಗಿ ಕೂರೋಕೂ ಹೆದರ್ತಾರೆ," ಎಂದು ಹೆಂಡತಿ ಮುನಿರತ್ನಮ್ಮ ಆಡಿಕೊಳ್ಳುತ್ತಿದ್ದಳು. ಸಂಜೀವಪ್ಪ ನಕ್ಕು ಮುಂದಿನ ಕೊಡಲಿಗೆ ಸಾಣೆ ಹಿಡಿಯುತ್ತಿದ್ದ.

ಎಪ್ಪತ್ನಾಲ್ಕನೇ ಇಸವಿ, ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಇಪ್ಪತ್ತೈದರ ಆಸುಪಾಸಿನ ಒಬ್ಬ ರೈತ ಬಂದ. ಹೆಸರು ಚಿಕ್ಕವೆಂಕಟಪ್ಪ. ಸೂಲಿಬೆಲೆ ಕಡೆಯ ಹಳ್ಳಿಯವನು, ರೇಷ್ಮೆ ಗೂಡು ಮಾರಲು ಊರಿಗೆ ಬಂದಿದ್ದ. ತನ್ನ ಕೊಡಲಿಗೆ ಕಾವು ನಿಲ್ಲುತ್ತಿಲ್ಲವೆಂದೂ, ಇಲ್ಲಿ ಗಟ್ಟಿಯಾಗಿ ಹಾಕಿಕೊಡುತ್ತಾರೆಂದು ಯಾರೋ ಹೇಳಿದರೆಂದೂ ಅಂದ. ಮುನಿರತ್ನಮ್ಮ ನೀರು ಕೊಟ್ಟಳು. ಲೋಟ ಬಾಯಿಗಿಟ್ಟವನು ಗೋಡೆ ನೋಡುತ್ತ ಹಾಗೇ ನಿಂತ. ನೀರು ಅಂಗಿಯ ಮೇಲೆ ಸುರಿದರೂ ಅವನಿಗೆ ಗೊತ್ತಾಗಲಿಲ್ಲ.

ಲೋಟ ನೆಲಕ್ಕಿಟ್ಟು, ಕೇಳದೆಯೇ ಕೈ ಚಾಚಿ ಒಂದು ಕೊಡಲಿಯನ್ನು ಇಳಿಸಿಕೊಂಡ. ಅದರ ಅಲಗಿನ ಕೆನ್ನೆಯ ಮೇಲೆ ಉಳಿಯಲ್ಲಿ ಕೆತ್ತಿದ ಅರ್ಧಚಂದ್ರ ಇತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಎಲ್ಲಿ ಸಿಕ್ತು ನಿಮಗೆ?"

"ಯಾಕಪ್ಪಾ?"

"ಇದು ನಮ್ಮಪ್ಪಂದು."

ಸಂಜೀವಪ್ಪ ಮಾತಾಡುವ ಮೊದಲೇ ಅವನೇ ಹೇಳತೊಡಗಿದ. ಅಪ್ಪ ದೊಡ್ಡಮುನಿಯಪ್ಪ, ಚಿಕ್ಕಪ್ಪ ಬೈರಣ್ಣ. ಅಣ್ಣತಮ್ಮ ಇಬ್ಬರೂ ಒಂದೇ ಕಬ್ಬಿಣದ ಪಟ್ಟಿಯಲ್ಲಿ ಎರಡು ಕೊಡಲಿ ಮಾಡಿಸಿಕೊಂಡಿದ್ದರು. ಅದಲುಬದಲಾಗಬಾರದೆಂದು ಅಪ್ಪನದಕ್ಕೆ ಚಂದ್ರ, ಚಿಕ್ಕಪ್ಪನದಕ್ಕೆ ಸೂರ್ಯ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ದಿನ ಕೊಡಲಿ ಹೆಗಲಿಗೆ ಹಾಕಿಕೊಂಡು ಹೋದ ಅಪ್ಪ ಮನೆಗೆ ಬರಲಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆ ಎಂದರು. ಅಮ್ಮ ಇವತ್ತಿಗೂ ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದಾಳೆ.

"ಕೊಡಲಿ ನಿಮ್ಮ ಗೋಡೆ ಮೇಲಿದೆ. ನಮ್ಮಪ್ಪ ಎಲ್ಲಿ?" ಅಂದ. ದನಿ ಜೋರಾಗಿರಲಿಲ್ಲ. ಆದರೆ ಅವನು ಬಾಗಿಲಿಗೆ ಅಡ್ಡವಾಗಿ ನಿಂತಿದ್ದ, ಕಾವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅಡುಗೆಮನೆಯ ಬಾಗಿಲಲ್ಲಿ ಮುನಿರತ್ನಮ್ಮ ಕಲ್ಲಾಗಿದ್ದಳು.

ಸುಳ್ಳು ಹೇಳಿಬಿಡೋಣವೇ ಎಂದು ಸಂಜೀವಪ್ಪನಿಗೆ ಅನ್ನಿಸಿತು. ಗುಜರಿಯಲ್ಲಿ ಸಿಕ್ಕಿತು ಅಂದರೆ ಮುಗಿಯುತ್ತಿತ್ತು. ಆದರೆ ಆ ಮುಖ ನೋಡಿದರೆ, ಅವನು ಗುಜರಿಯವನನ್ನು ಹುಡುಕಿಕೊಂಡು ಹೋಗುವುದು ಖಂಡಿತ ಅನ್ನಿಸಿತು.

"ಬಾವಿ ಹೂಳಲ್ಲಿ ಸಿಕ್ತು ಕಣಪ್ಪಾ. ಹೋದ ಬೇಸಿಗೇಲಿ. ಸೂಲಿಬೆಲೆ ದಾರಿ ಪಕ್ಕದ ಹುಣಸೆ ತೋಪು, ಬೆಂಗಳೂರಿನವರು ಯಾರೋ ಕೊಂಡ್ಕೊಂಡು ಹಳೇ ಬಾವಿ ಹೂಳು ತೆಗೆಸ್ತಿದ್ರು. ಆಳುಗಳು ರಾಶಿಯಿಂದ ತೆಗೆದು ಕೊಟ್ರು."

ಚಿಕ್ಕವೆಂಕಟಪ್ಪ ಮೆಲ್ಲಗೆ ಹೊಸ್ತಿಲ ಮೇಲೆ ಕೂತ.

"ಅದು ನಮ್ಮ ಚಿಕ್ಕಪ್ಪನ ತೋಪು. ಹೋದ ವರ್ಷ ಮಾರಿದ್ದು." ಕೊಡಲಿ ಮಡಿಲಲ್ಲಿಟ್ಟುಕೊಂಡು, "ನನ್ನ ಸಾಕಿದ್ದೂ ಅವರೇ," ಅಂದ.

ಆಗ ಸಂಜೀವಪ್ಪನಿಗೆ ನೆನಪಾಯಿತು. ಹೂಳು ತೆಗೆಯುವಾಗ ಮರದ ಕೆಳಗೆ ವಯಸ್ಸಾದವರೊಬ್ಬರು ಕೂತು ನೋಡುತ್ತಿದ್ದರು. ಹೂಳಿನ ಮಂಕರಿಯಲ್ಲಿ ಕೊಡಲಿ ಮೇಲೆ ಬಂದದ್ದೇ ಎದ್ದು, ಟವೆಲ್ ಕೊಡವಿಕೊಂಡು ಹೋಗಿಬಿಟ್ಟಿದ್ದರು. ಆಮೇಲೆ ಒಂದಷ್ಟು ಮೂಳೆ ಚೂರು ಬಂದಿತ್ತು. ಆಳುಗಳು ಯಾವುದೋ ಕರುವಿನದು ಎಂದು ಹೊಲದ ಮೂಲೆಗೆ ಎಸೆದಿದ್ದರು. ಇದನ್ನೂ ಹೇಳಬೇಕಾಯಿತು.

ಚಿಕ್ಕವೆಂಕಟಪ್ಪ ಎದ್ದ. ಗೂಡು ತಂದಿದ್ದ ಗೋಣಿಚೀಲದಲ್ಲಿ ಕೊಡಲಿ ಸುತ್ತಿಕೊಂಡ.

"ಅದನ್ನ ಇಲ್ಲೇ ಇಟ್ಟು ಹೋಗಪ್ಪಾ."

"ಅಪ್ಪಂದು. ತಗೊಂಡು ಹೋಗ್ತೀನಿ."

ಸಂಜೀವಪ್ಪ ಅಂಗಿ ಹಾಕಿಕೊಂಡು ಹಿಂದೆಯೇ ಹೊರಟ. ಮುನಿರತ್ನಮ್ಮ ತೋಳು ಹಿಡಿದಳು. "ಅವರ ಮನೆ ವಿಷಯ ನಿಮಗ್ಯಾಕ್ರೀ?"

"ಅದನ್ನ ಮಸೆದೋನು ನಾನು ಕಣೇ," ಅಂದ ಅವನು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಗೋಣಿಚೀಲ ಚಿಕ್ಕವೆಂಕಟಪ್ಪನ ತೊಡೆಯ ಮೇಲಿತ್ತು. ಸಂಜೀವಪ್ಪ ಮಾತಾಡಿಸಲು ನೋಡಿದ. ಪೊಲೀಸರಿಗೆ ಹೇಳೋಣ ಅಂದ, ಊರಿನ ಹಿರಿಯರನ್ನು ಸೇರಿಸೋಣ ಅಂದ. ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಒಂದೇ ಒಂದು ಸಲ ತಿರುಗಿ, "ನನ್ನ ಮದುವೇಲಿ ಅಪ್ಪನ ಜಾಗದಲ್ಲಿ ಅವರೇ ಕೂತಿದ್ರು," ಅಂದ.

ಊರಿನಲ್ಲಿ ಚಿಕ್ಕಪ್ಪನ ಮನೆಗೂ ಚಿಕ್ಕವೆಂಕಟಪ್ಪನ ಮನೆಗೂ ನಡುವೆ ಒಂದೇ ಗೋಡೆ. ಈಚೆ ಜಗಲಿಯ ಮೇಲೆ ಬೈರಣ್ಣ ಹಗ್ಗ ಹೊಸೆಯುತ್ತ ಕೂತಿದ್ದ. ಆಚೆ ಮನೆಯೊಳಗೆ ಚಿಕ್ಕವೆಂಕಟಪ್ಪನ ತಾಯಿ ನರಸಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಮಗ ಗೋಣಿಚೀಲ ಬಿಚ್ಚಿ ಕೊಡಲಿಯನ್ನು ಚಿಕ್ಕಪ್ಪನ ಮುಂದೆ ಹಿಡಿದ.

ಬೈರಣ್ಣ ಕೊಡಲಿಯನ್ನು ನೋಡಿದ, ಹಿಂದೆ ನಿಂತಿದ್ದ ಸಂಜೀವಪ್ಪನನ್ನೂ ನೋಡಿದ. ಅಂದು ಮರದ ಕೆಳಗೆ ಕೂತಿದ್ದವರು ಇವರೇ; ಇಬ್ಬರಿಗೂ ಗುರುತು ಸಿಕ್ಕಿತು. ಹಗ್ಗ ಕೈಯಿಂದ ಜಾರಿ ಬಿಚ್ಚಿಕೊಂಡಿತು.

"ಹೇಳು ಚಿಕ್ಕಪ್ಪ. ಅಪ್ಪ ಕೋಲಾರದಲ್ಲಿ ಅವ್ರಾ, ಬಾವೀಲಿ ಅವ್ರಾ?"

ಬೈರಣ್ಣ ನೆಲ ನೋಡುತ್ತ, "ಬಾವೀಲಿ," ಅಂದ.

ಕೊಡಲಿ ಮೇಲೆದ್ದಿತು.

"ನಾನು ಮುಟ್ಟಲಿಲ್ಲ ಕಣೋ. ದೇವರಾಣೆ ಮುಟ್ಟಲಿಲ್ಲ. ಅಣ್ಣ ಬಾವಿಕಟ್ಟೆ ಮೇಲೆ ನಿಂತು ಹುಣಸೆ ಕೊಂಬೆ ಕಡೀತಿದ್ದ. ನನ್ನ ಪಾಲಿನ ಮರ ಅಂತ ನಾನು ಕೂಗಾಡ್ದೆ. ಅವನು ಸಿಟ್ಟಲ್ಲಿ ಜೋರಾಗಿ ಬೀಸ್ದ. ಏಟು ಕೊಂಬೆ ತಪ್ಪಿ ಕಟ್ಟೆ ಕಲ್ಲಿಗೆ ಬಿತ್ತು, ಕಾಲು ಜಾರ್ತು. ನನಗೆ ಈಜು ಬರಲ್ಲ. ಹಿಂದಿನ ದಿನ ಊರೆಲ್ಲ ನಮ್ಮ ಜಗಳ ನೋಡಿತ್ತು. ಯಾರು ನಂಬ್ತಾರೆ ಅಂತ..."

"ಆಮೇಲೆ?"

"ದನ ಬೀಳ್ತವೆ ಅಂತ ಹೇಳಿ ಮುಳ್ಳುಕಂಪೆ ತುಂಬಿಸ್ದೆ. ಮಣ್ಣು ಎಳೆಸ್ದೆ."

"ಸುಳ್ಳು! ನೀನೇ ಕಡಿದು ಹಾಕಿದೀಯ!"

ಚಿಕ್ಕವೆಂಕಟಪ್ಪನ ಕೈಗಳು ತಲೆಯ ಮೇಲಿದ್ದವು. ಬೈರಣ್ಣ ಓಡಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಕತ್ತು ಬಗ್ಗಿಸಿ ಕೂತಿದ್ದ. ಬೀದಿಯಲ್ಲಿ ಯಾರೋ ಹೆಂಗಸು ಕಿರುಚಿದಳು. ಆ ಕೊಡಲಿಯ ಬಾಯಿ ಎಷ್ಟು ಹರಿತವೆಂದು ಅಲ್ಲಿದ್ದವರಲ್ಲಿ ಸಂಜೀವಪ್ಪನಷ್ಟು ಬಲ್ಲವರಿರಲಿಲ್ಲ.

"ತಡಿಯಪ್ಪಾ! ಅವರು ಹೇಳ್ತಿರೋದು ನಿಜ," ಎಂದು ಕೂಗಿದ.

ಚಿಕ್ಕವೆಂಕಟಪ್ಪ ಕೊಡಲಿ ಇಳಿಸಲಿಲ್ಲ. "ನಿಮಗೇನು ಗೊತ್ತು?"

"ಕೊಡಲಿ ನನ್ನ ಕೈಗೆ ಬಂದಾಗ ಬಾಯಿಯ ಮೂಲೆ ಮುರಿದಿತ್ತು. ಹೆಬ್ಬೆರಳಗಲ. ಮರಕ್ಕೆ ಹಾಕಿದ ಏಟಿಗೆ ಹಂಗೆ ಮುರಿಯಲ್ಲ, ಮನುಷ್ಯನಿಗೆ ಹಾಕಿದ್ರೂ ಮುರಿಯಲ್ಲ. ಕಲ್ಲಿಗೆ ಬಿದ್ದ ಏಟು ಅದು. ಒಂದು ವಾರ ಸಾಣೆ ಹಿಡಿದು ನಾನೇ ಸಮ ಮಾಡ್ದೆ. ಬೇಕಾದ್ರೆ ನೋಡು, ಆ ಕಡೆ ಬಾಯಿ ಒಂಚೂರು ಗಿಡ್ಡ."

ಕೊಡಲಿ ಮೆಲ್ಲಗೆ ಎದೆಮಟ್ಟಕ್ಕೆ ಇಳಿಯಿತು. ಚಿಕ್ಕವೆಂಕಟಪ್ಪ ಕೊಡಲಿಯ ಬಾಯಿಯ ಮೇಲೆ ಬೆರಳಿಟ್ಟು ಎರಡೂ ಮೂಲೆ ನೋಡಿದ. ಒಂದು ಕಡೆ ಗಿಡ್ಡವೇ ಇತ್ತು. ಅಷ್ಟರಲ್ಲಿ ಸಂಜೀವಪ್ಪ ಹತ್ತಿರ ಹೋಗಿ ಕಾವಿನ ಮೇಲೆ ಕೈಯಿಟ್ಟ. ಅವನು ಬಿಟ್ಟುಕೊಟ್ಟ. ಬಿಟ್ಟವನೇ ಜಗಲಿಯ ಕಂಬಕ್ಕೆ ತಲೆ ಆನಿಸಿ ಅತ್ತ.

ನರಸಮ್ಮ ಹೊರಗೆ ಬಂದು ಎಷ್ಟು ಹೊತ್ತಾಗಿತ್ತೋ ಯಾರಿಗೂ ತಿಳಿಯದು. ಕೈಯಲ್ಲಿನ್ನೂ ಹಿಪ್ಪುನೇರಳೆ ಸೊಪ್ಪಿತ್ತು. ಮೈದುನನ ಎದುರಿಗೆ ಬಂದು ನಿಂತಳು.

"ಸತ್ತೋದ್ರು ಅಂದಿದ್ರೆ ಒಂದು ವರ್ಷ ಅತ್ತು ಸುಮ್ಮನಾಗ್ತಿದ್ದೆ. ನೀನು ಓಡೋದ್ರು ಅಂದೆ. ಇನ್ನೊಬ್ಬಳನ್ನ ಇಟ್ಕೊಂಡವ್ರೆ ಅಂದೆ. ದಿನಾ ಒಲೆ ಮುಂದೆ ಕೂತು ಅವರಿಗೆ ಶಾಪ ಹಾಕ್ದೆ ನಾನು. ಸತ್ತೋರಿಗೆ ನನ್ನ ಬಾಯಿಂದ ಶಾಪ ಹಾಕಿಸಿಬಿಟ್ಟಲ್ಲಪ್ಪಾ!"

ಬೈರಣ್ಣ ಅವಳ ಕಾಲಿಗೆ ಬಾಗಲು ಬಂದ. ಅವಳು ಹಿಂದೆ ಸರಿದಳು. "ನನ್ನ ಮುಟ್ಟಬೇಡ. ನಡಿ, ಅವರು ಬಿದ್ದ ಬಾವಿ ತೋರಿಸು."

ಮೂಳೆಗಳನ್ನು ಎಸೆದಿದ್ದ ಜಾಗವನ್ನು ಸಂಜೀವಪ್ಪ ಹೇಳಿದ; ಊರವರೆಲ್ಲ ಆ ಹೊಲದ ಮೂಲೆಗೆ ಹೋದರು. ಬೇಸಿಗೆಯ ಹೂಳು ಒಣಗಿ ಹೆಂಟೆಗಟ್ಟಿತ್ತು. ಗುದ್ದಲಿ ಹಾಕಲು ನರಸಮ್ಮ ಬಿಡಲಿಲ್ಲ. ತಾಯಿ ಮಗ ಕೂತು ಕೈಯಲ್ಲೇ ಹೆಂಟೆ ಒಡೆದರು. ಸ್ವಲ್ಪ ದೂರದಲ್ಲಿ, ಯಾರೂ ಕರೆಯದಿದ್ದರೂ, ಬೈರಣ್ಣನೂ ಮೊಣಕಾಲೂರಿ ಮಣ್ಣು ಒಡೆಯತೊಡಗಿದ. ಬೇಡ ಎಂದು ಯಾರೂ ಅನ್ನಲಿಲ್ಲ. ಸಿಕ್ಕಷ್ಟನ್ನು ನರಸಮ್ಮ ತನ್ನ ಸೆರಗಿಗೆ ಹಾಕಿಕೊಂಡಳು.

ಪೊಲೀಸರು ಬಂದರು, ಬರೆದುಕೊಂಡರು, ಬೈರಣ್ಣನನ್ನು ಕರೆದುಕೊಂಡು ಹೋದರು. ಸಂಜೀವಪ್ಪ ಠಾಣೆಯಲ್ಲೂ ಮುರಿದ ಮೂಲೆಯ ವಿಷಯ ಹೇಳಿದ. ಕೆಲವು ವಾರಗಳ ಮೇಲೆ ಬೈರಣ್ಣ ಊರಿಗೆ ಮರಳಿದ. ಮನೆಗಳ ನಡುವಿನ ಗೋಡೆ ಹಾಗೇ ಇತ್ತು. ನರಸಮ್ಮ ಅವನ ಜೊತೆ ಮತ್ತೆ ಮಾತಾಡಲಿಲ್ಲವಂತೆ. ಆದರೆ ಚಿಕ್ಕವೆಂಕಟಪ್ಪ ಹೊಲಕ್ಕೆ ಹೋಗುವಾಗ ಚಿಕ್ಕಪ್ಪನ ಎತ್ತುಗಳನ್ನೂ ಹೊಡೆದುಕೊಂಡು ಹೋಗುತ್ತಿದ್ದನಂತೆ.

ಮೂಳೆ ಸಿಕ್ಕ ದಿನ ಸಂಜೀವಪ್ಪ ಕೊಡಲಿಯನ್ನು ಪೊಲೀಸರಿಗೆ ಕೊಟ್ಟು, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಮನೆಗೆ ಬಂದಿದ್ದ. ಮುನಿರತ್ನಮ್ಮ ಎಲ್ಲವನ್ನೂ ಕೇಳಿ, ಕಾಲಿಗೆ ನೀರು ಕೊಟ್ಟು, ಮುದ್ದೆ ಬಡಿಸಿದಳು. ಅವನು ಎರಡು ತುತ್ತು ತಿಂದ ಮೇಲೆ ಮೆಲ್ಲಗೆ ಕೇಳಿದಳು:

"ಆ ಮೂಲೆ ಬಾವಿಕಟ್ಟೆಗೆ ಹೊಡೆದೇ ಮುರಿದಿದ್ದು ಅಂತ ನಿಮಗೆ ಖಂಡಿತ ಗೊತ್ತಿತ್ತಾ?"

"ಮುರಿದಿದ್ದು ನಿಜ."

"ನಾನು ಕೇಳಿದ್ದು ಅದಲ್ಲ."

ಸಂಜೀವಪ್ಪ ತಟ್ಟೆಯಲ್ಲಿ ಬೆರಳಾಡಿಸಿದ. "ಬಾವಿಗೆ ಬೀಳುವಾಗ ಒಳಗಿನ ಕಲ್ಲಿಗೆ ತಾಕಿದ್ರೂ ಮುರೀತದೆ. ಹೂಳು ತೆಗೆಯೋರ ಹಾರೆ ತಗುಲಿದ್ರೂ ಮುರೀತದೆ. ಯಾವುದು ಅಂತ ಹೆಂಗೆ ಹೇಳೋದು? ಆ ಹುಡುಗ ಕೊಡಲಿ ಎತ್ತಿಬಿಟ್ಟಿದ್ದ ಕಣೇ."

ಮುನಿರತ್ನಮ್ಮ ಅವನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಸೌಟು ತಗೊಂಡು, "ಸಾರು ಆರಿಹೋಗ್ತದೆ, ಊಟ ಮಾಡಿ," ಅಂದಳು.