ಉಬ್ಬಿದ ಹಿಟ್ಟಿಗೆ ಸ್ಕೇಲೇ ಸಾಕ್ಷಿ

ಬೇಕರಿಯಮ್ಮನ ಬ್ರೆಡ್ಡು ಒಂದು ತಿಂಗಳಿಂದ ಸರಿಯಾಗಿ ಉಬ್ಬುತ್ತಿರಲಿಲ್ಲ. ಹಿಟ್ಟು ನಾದುವುದರಲ್ಲಿ ಇಡೀ ಬೀದಿಗೇ ಹೆಸರಾದವಳು ಆಕೆ. ಈಗ ಅಚ್ಚಿನಿಂದ ಹೊರಬರುವ ಬ್ರೆಡ್ಡು ಚಪ್ಪಲಿಯ ಅಟ್ಟೆಯಂತೆ ಚಪ್ಪಟೆ. ಎದುರಿನ ಆಸ್ಪತ್ರೆಯ ಅಡುಗೆಯವನು ದಿನಕ್ಕೆ ನಲವತ್ತು ಬ್ರೆಡ್ಡು ಒಯ್ಯುತ್ತಿದ್ದ. ಅವನೂ ಮುಖ ಸಿಂಡರಿಸಿ, "ಅಮ್ಮಾ, ರೋಗಿಗಳಿಗೆ ಅಗಿಯೋಕೆ ಆಗ್ತಿಲ್ಲ. ಇನ್ನೊಂದು ವಾರ ನೋಡ್ತೀನಿ, ಆಮೇಲೆ ಬೇರೆ ಕಡೆ ತಗೋತೀನಿ" ಎಂದುಬಿಟ್ಟ. ಹೋಗುವಾಗ ಇನ್ನೊಂದು ಮಾತು ಎಸೆದ: "ವಯಸ್ಸಾಯ್ತಲ್ಲ, ಕೈಗುಣ ಹೋಗಿರ್ಬೇಕು."

ಆ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತು. ನಾದುವಾಗೆಲ್ಲ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಳ್ಳತೊಡಗಿದಳು.

ಅದೇ ಹೊತ್ತಿಗೆ ವ್ಯಾಪಾರಿಯೊಬ್ಬ ಬಂದು, ಹಿಟ್ಟು ಉಬ್ಬಿಸುವ ಪುಡಿ ಎಂದು ಒಂದು ಪೊಟ್ಟಣ ಕೊಟ್ಟು ಹೋದ. ಗಂಡ ಅದನ್ನು ಬೆರೆಸಿ ತಾನೇ ಹಿಟ್ಟು ಕಲಸಿದ. ಅವತ್ತು ಬ್ರೆಡ್ಡು ಹೂವಿನಂತೆ ಅರಳಿತು!

"ಕಣ್ಣಾರೆ ಕಂಡ್ಯಲ್ಲ? ಒಂದು ಮೂಟೆ ತರಿಸ್ತೀನಿ" ಎಂದು ಗಂಡ ಕುಣಿದಾಡಿದ.

ಸಂಜೆ ನಾದಿನಿ ಬಂದಳು. ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ ಅವಳದು. ಕಥೆ ಕೇಳಿ, "ಅಣ್ಣಾ, ಪುಡಿ ಹಾಕಿದ ದಿನ ಬೇರೆ ಏನಾದ್ರೂ ಬದಲಾಗಿತ್ತಾ?" ಎಂದಳು.

"ಏನೂ ಇಲ್ಲ."

ಬೇಕರಿಯಮ್ಮ ನೆನಪು ಮಾಡಿಕೊಂಡಳು. "ಇತ್ತು ಕಣ್ರೀ. ನೀವು ಬಿಸಿನೀರು ಹಾಕಿದ್ರಿ. ದಿನಾ ಹಿಟ್ಟು ಇಡೋ ಕಿಟಕಿ ಹತ್ರದ ಸ್ಟ್ಯಾಂಡು ಒದ್ದೆಯಾಗಿದೆ ಅಂತ ಅವತ್ತು ಹಿಟ್ಟನ್ನ ಒಲೆ ಪಕ್ಕ ಇಟ್ರಿ."

"ನೋಡಿ! ಮೂವರು ಸೇರಿ ಬಂಡಿ ತಳ್ಳಿದ್ರೆ, ಯಾರ ಬಲದಿಂದ ಹೋಯ್ತು ಅಂತ ಹೇಳೋದು ಹೇಗೆ?" ಎಂದಳು ನಾದಿನಿ.

"ಹಣ್ಣು ತಿನ್ನೋನು ಮರ ಎಣಿಸ್ತಾನೇನೇ?" ಎಂದ ಅಣ್ಣ.

"ಯಾವ ಮರದ ಹಣ್ಣು ಅಂತ ಗೊತ್ತಿಲ್ದಿದ್ರೆ ನಾಳೆ ಯಾವುದಕ್ಕೆ ನೀರು ಹಾಕ್ತೀಯ?"

ಮರುದಿನ ಪರೀಕ್ಷೆಗೆ ಇಳಿದರು. ಒಂದೇ ಪಾತ್ರೆಯಲ್ಲಿ ಕಲಸಿದ ಹಿಟ್ಟನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಪುಡಿ ಹಾಕಿದರು.

"ಪುಡಿ ಇಲ್ಲದ್ದನ್ನೂ ಅಷ್ಟೇ ಹೊತ್ತು ನಾದಿ ಅತ್ತಿಗೆ. ಪುಡಿ ಬಿಟ್ರೆ ಬೇರೆ ಯಾವ ವ್ಯತ್ಯಾಸಾನೂ ಇರ್ಬಾರ್ದು."

ಒಂದೇ ಥರದ ಆರು ಗಾಜಿನ ಲೋಟ. ತೂಕ ಮಾಡಿ, ಮೂರರಲ್ಲಿ ಪುಡಿಯ ಹಿಟ್ಟು, ಮೂರರಲ್ಲಿ ಬರೀ ಹಿಟ್ಟು ತುಂಬಿದರು.

"ಒಂದೊಂದು ಲೋಟ ಸಾಲ್ದಾ?" ಎಂದು ಬೇಕರಿಯಮ್ಮ ಕೇಳಿದಳು.

"ಒಂದರಲ್ಲಿ ಅಕಸ್ಮಾತ್ ಏನೋ ಆಗಿರ್ಬಹುದು ಅತ್ತಿಗೆ. ಮೂರೂ ಒಂದೇ ಮಾತು ಹೇಳಿದ್ರೆ ನಂಬಿಕೆ ಬರುತ್ತೆ."

ನಾದಿನಿ ಲೋಟಗಳ ತಳಕ್ಕೆ ಗುರುತಿನ ಚೀಟಿ ಅಂಟಿಸಿ, ಅದಲುಬದಲು ಮಾಡಿ ಕಿಟಕಿಯ ಸ್ಟ್ಯಾಂಡಿನ ಮೇಲೆ ಸಾಲಾಗಿ ಇಟ್ಟಳು. ಯಾವುದು ಏನೆಂದು ತಿಳಿಯದೆಯೇ ಅಳೆಯಬೇಕೆಂದು ಅಣ್ಣನ ಕೈಗೆ ಸ್ಕೇಲು ಕೊಟ್ಟಳು.

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ, ನಿನ್ನ ಆಸೆ ಮೇಲಿಲ್ಲ. ಪುಡಿ ಗೆಲ್ಲಲಿ ಅಂತ ಮನಸ್ಸಿದ್ರೆ ಕಣ್ಣು ಒಂದು ಗೆರೆ ಜಾಸ್ತೀನೇ ಓದುತ್ತೆ."

ಒಂದು ಗಂಟೆಯ ನಂತರ ಅಳೆದರೆ ಆರೂ ಲೋಟ ಆರೂವರೆ ಸೆಂಟಿಮೀಟರ್ ಆಸುಪಾಸು. ಒಂದು ಗೆರೆ ಮೇಲೆ, ಒಂದು ಗೆರೆ ಕೆಳಗೆ, ಅಷ್ಟೇ. ಗಂಡ ಒಪ್ಪಲಿಲ್ಲ. ಇನ್ನೆರಡು ದಿನ ಮಾಡಿಸಿದ. ಫಲ ಅದೇ. ಕೊನೆಗೆ ಸ್ಕೇಲು ಕೆಳಗಿಟ್ಟು ಸಪ್ಪೆ ಮುಖ ಮಾಡಿ ಕೂತ.

ಆದರೆ ಬೇಕರಿಯಮ್ಮನ ತಲೆ ಓಡತೊಡಗಿತ್ತು. "ಪುಡಿ ಅಲ್ಲ ಅಂತಾಯ್ತು. ಈಗ ಜಾಗ ನೋಡೋಣ" ಎಂದು ತಾನೇ ಸೆರಗು ಸಿಕ್ಕಿಸಿ ನಿಂತಳು. ಅದೇ ಹಿಟ್ಟು, ಅದೇ ತೂಕ. ಮೂರು ಲೋಟ ಕಿಟಕಿಯ ಬಳಿ, ಮೂರು ಒಲೆಯ ಬಳಿ. ಅಳೆಯುವ ಹೊತ್ತಿಗೆ, ತಳಕ್ಕೆ ಚೀಟಿ ಅಂಟಿಸಿದ್ದ ಲೋಟಗಳನ್ನೆಲ್ಲ ಮೇಜಿಗೆ ತಂದು ಅದಲುಬದಲು ಮಾಡಿಟ್ಟು, ಗಂಡನನ್ನು ಕರೆದಳು. ಯಾರೂ ಹೇಳಿಕೊಡಲಿಲ್ಲ! ನಾದಿನಿ ಬಾಯಿಗೆ ಕೈಯಿಟ್ಟು ನೋಡುತ್ತಲೇ ಇದ್ದಳು.

ಕಿಟಕಿಯ ಲೋಟಗಳು ಆರೂವರೆ. ಒಲೆಯ ಪಕ್ಕದವು ಒಂಬತ್ತೂವರೆ! ಮರುದಿನವೂ ಹಾಗೆಯೇ.

ಗುಟ್ಟು ರಟ್ಟಾಯಿತು. ಒಂದು ತಿಂಗಳ ಹಿಂದೆ, ಹೊಸ ಮೇಜಿಗೆ ಜಾಗ ಬೇಕೆಂದು ಸ್ಟ್ಯಾಂಡನ್ನು ಒಲೆಯ ಬಳಿಯಿಂದ ಕಿಟಕಿಗೆ ಸರಿಸಿದ್ದರು. ಅಲ್ಲಿನ ತಣ್ಣನೆಯ ಗಾಳಿಗೆ, ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಮಂಕಾಗಿ ಕೂತಿತ್ತು.

ಸ್ಟ್ಯಾಂಡು ವಾಪಸ್ ಬಂತು. ಅಡುಗೆಯವನು ಬಂದಾಗ ಬೇಕರಿಯಮ್ಮ ಮೆತ್ತನೆಯ ಬ್ರೆಡ್ಡಿನ ಜೊತೆ, ದಿನದಿನದ ಅಳತೆ ಬರೆದಿಟ್ಟ ನೋಟ್‌ಬುಕ್ಕನ್ನೂ ಮುಂದಿಟ್ಟಳು. "ಕೈಗುಣ ಅಲ್ಲಪ್ಪ, ಕಿಟಕಿ ಗಾಳಿ. ಐದು ದಿನದ ಅಳತೆ ಇದೆ, ಓದಿಕೋ."

ಅವನು ಓದಿ, ತಲೆ ಕೆರೆದುಕೊಂಡು, "ತಪ್ಪಾಯ್ತಮ್ಮ" ಎಂದ. ಗಂಡನಂತೂ ಬಂದ ಗಿರಾಕಿಗಳಿಗೆಲ್ಲ, "ಕಂಡುಹಿಡಿದದ್ದು ನಮ್ಮನೆಯವಳೇ!" ಎಂದು ಸಾರಿದ. ಆಕೆ ತಲೆಯೆತ್ತಿ ನಗುತ್ತಾ, "ಬಿಸಿನೀರಿನ ವಿಷಯ ಇನ್ನೂ ಬಾಕಿ ಇದೆ. ನಾಳೆ ಅದನ್ನ ನೋಡೋಣ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಯಾರಾದರೂ ಪುಡಿ, ಎಣ್ಣೆ, ಔಷಧಿ ಹೊತ್ತು ಬಂದಾರು. "ಹಾಕಿದೆ, ಆಯ್ತು" ಎಂದರೆ ತಟ್ಟನೆ ನಂಬಬೇಡಿ. ಹಾಕದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೇ ಬಿಡಿ. ಕಣ್ಣಂದಾಜು ಬೇಡ, ಅಳೆದು ಬರೆದಿಡಿ, ಮತ್ತೆ ಮತ್ತೆ ಮಾಡಿ ನೋಡಿ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳಬಲ್ಲಿರಿ. ಇವತ್ತೇ ಶುರು ಮಾಡಿ!