ಸೌದೆ ರಾಶಿಯ ಫೋಗ್

"ನನ್ನ ಕಣ್ಣಿಗೆ ಮಣ್ಣೆರಚಬೇಡ, ಜೇಠಾರಾಮ್. ಇದು ಸೌದೆ ರಾಶಿಯಿಂದ ಎಳೆದ ಕೊಂಬೆ. ಕೊಡಲಿ ಏಟು ಕಾಣ್ತಾ ಇದೆ."

ಜೇಠಾರಾಮ್ ನನ್ನ ಹೆಂಡತಿಯ ತಮ್ಮ. ಜೋಧಪುರದ ಸಸ್ಯ ಸಂಗ್ರಹಾಲಯದಲ್ಲಿ, ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಅವು ಬೆಳೆದ ಜಾಗದ ಹೆಸರು ಬರೆದಿಡುವುದು ನನ್ನ ಕೆಲಸ. ಆ ಹಾಳೆಗಳನ್ನು ನೋಡಿಯೇ ನಮ್ಮ ಮರಳುಗಾಡಿನ ಫೋಗ್ ಪೊದೆ ಎಲ್ಲೆಲ್ಲಿದೆ ಎಂದು ಸರ್ಕಾರದವರು ನಕಾಶೆಯಲ್ಲಿ ಗುರುತು ಹಾಕುತ್ತಾರೆ. ಗುರುತು ಬಿದ್ದ ದಿಬ್ಬಕ್ಕೆ ಬೇಲಿ ಹಾಕಿ ಕಾಯುತ್ತಾರೆ. ಉಳಿದದ್ದು ಸೋಲಾರ್ ಕಂಪನಿಯ ಪಾಲು.

"ನಮ್ಮ ದಿಬ್ಬದ ಹೆಸರು ಬರಿ, ಭಾವ. ನಾಲ್ಕು ಅಕ್ಷರಕ್ಕೆ ನಿನ್ನ ಕೈ ಸವೆಯುತ್ತಾ? ನಾಳೆ ನನ್ನ ಒಂಟೆಗಳು ನಿನ್ನ ಅಂಗಳದಲ್ಲಿ ಮೇಯ್ಬೇಕಾ?"

"ಅಗೆದು ಒಲೆಗೆ ಹಾಕಿದವರು ನೀವೇ. ದಿಬ್ಬದಲ್ಲಿ ಒಂದೇ ಒಂದು ಪೊದೆ ಇದ್ರೆ ಹೇಳು, ಈಗಲೇ ಬರೀತೀನಿ."

"ಬೇರು ಮರಳೊಳಗೆ ಇನ್ನೂ ಇದೆ. ಬೇಲಿ ಬಂದ್ರೆ ಚಿಗುರುತ್ತೆ."

"ಚಿಗುರಲಿ. ಆಮೇಲೆ ತಗೊಂಡು ಬಾ."

"ಆಮೇಲೆ ದಿಬ್ಬ ಎಲ್ಲಿರುತ್ತೆ?"

ನನ್ನ ಸಿಟ್ಟು ನೆತ್ತಿಗೇರಿತು. ಚೀಟಿ ಎಳೆದುಕೊಂಡು, ಬೆಳೆದ ಜಾಗ ಎಂಬಲ್ಲಿ 'ಜೇಠಾರಾಮನ ಸೌದೆ ರಾಶಿ' ಎಂದು ಬರೆದು ಅವನ ಮುಂದೆ ತಳ್ಳಿದೆ.

ಅವನು ನಿಧಾನವಾಗಿ ಓದಿದ. ಪೇಟ ಸರಿಮಾಡಿಕೊಂಡು, ಕೊಂಬೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೊರಗೆ ಹೋದ. ಮುಂದೆ ನಮ್ಮ ಮಗಳ ಮದುವೆಗೆ ಸೋದರಮಾವ ತರಬೇಕಾದ, ತಲೆಗೆ ಹೊದಿಸುವ ಚುನರಿ ಬರಲಿಲ್ಲ, ಅವನೂ ಬರಲಿಲ್ಲ.