ಹುಗ್ಗಿಯ ಮೇಲೆ ಎರಡು ಗುಳಿಗೆ

ನನ್ನ ಗಂಡನ ಅಣ್ಣ ಆದಪ್ಪನ ಊಟ ನೆನೆದರೆ ನನಗೆ ಇಂದಿಗೂ ಹೇಸಿಗೆ. ‘ಅವರು’ ಎನ್ನಲು ಬಾಯಿ ಬರುವುದಿಲ್ಲ. ಇಡೀ ಮಸ್ಕಿ ಊರಿಗೇ ಮಡಿವಂತ. ಮೊಟ್ಟೆ ತಿನ್ನುವವರ ಮನೆಯ ನೀರನ್ನೂ ಮುಟ್ಟುವವನಲ್ಲ. ಗೋಧಿ ಹುಗ್ಗಿಗೆ ತುಪ್ಪ ಸುರಿದುಕೊಂಡು ಕೂತನೆಂದರೆ ಮಾತ್ರ ಅದು ಮೊಣಕೈವರೆಗೂ ಇಳಿಯುವುದು.

ನನ್ನ ಆರು ವರ್ಷದ ಮಗಳು ಪಂಪಮ್ಮನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಮುತ್ತಿಟ್ಟರೆ ಉಪ್ಪು, ಎದೆ ತುಂಬ ಕಫ, ಹೊರಕಡೆಗೆ ಕೂತೆದ್ದರೆ ಮಲವೆಲ್ಲ ಜಿಡ್ಡು, ಗಬ್ಬು ನಾತ. ಲಿಂಗಸುಗೂರಿನಲ್ಲಿ ಟಿ.ಬಿ. ಎಂದು ಎರಡು ವರ್ಷ ಸೂಜಿ ಚುಚ್ಚಿದರು. ತೊಂಬತ್ತೆರಡರಲ್ಲಿ ಹೈದರಾಬಾದಿನ ಡಾಕ್ಟರು ಬೆವರು ಪರೀಕ್ಷಿಸಿ, ಸಿಸ್ಟಿಕ್ ಫೈಬ್ರೋಸಿಸ್ ಎಂದರು. ಪೂರ್ತಿ ವಾಸಿಯಾಗದು, ಆದರೆ ಅನ್ನ ಅರಗಿಸುವ ಹೊಸ ಗುಳಿಗೆ ಬಂದಿದೆ. ಮೊದಲು ಕೊಡುತ್ತಿದ್ದ ಪುಡಿ ಔಷಧಿ ಹೊಟ್ಟೆಯ ಹುಳಿಗೇ ಕೆಡುತ್ತಿತ್ತು, ಇದರೊಳಗಿನ ಕಾಳುಗಳು ಕರುಳಿಗೆ ಹೋಗಿಯೇ ಕರಗುತ್ತವೆ ಎಂದರು. ಹಂದಿಯ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆದದ್ದು ಎಂಬುದನ್ನೂ ಮುಚ್ಚಿಡಲಿಲ್ಲ. ಅತ್ತೆ, ಭಾವ ಎಲ್ಲ ಕೂಡಿರುವ ಮನೆಯಲ್ಲಿ ಗೊತ್ತಾದರೆ ಬಾಟಲಿ ತಿಪ್ಪೆ ಸೇರುತ್ತದೆ. ನಾನೂ ಗಂಡನೂ ಅನ್ನ ಅರಗಿಸುವ ಗುಳಿಗೆ ಎಂದಷ್ಟೇ ಹೇಳಿ ಬಾಯಿ ಹೊಲಿದುಕೊಂಡೆವು.

ಪ್ರತಿ ತಿಂಗಳು ಗಂಡ ಸಿಂಧನೂರಿನಲ್ಲಿ ಬಸ್ಸು ಹಿಡಿದು ಹೈದರಾಬಾದಿಗೆ ಹೋಗಿ ಗುಳಿಗೆ ತರುತ್ತಿದ್ದ. ಮೂರೇ ತಿಂಗಳಲ್ಲಿ ಮಗುವಿನ ಕೆನ್ನೆ ತುಂಬಿತು. ಆಮೇಲೆ ಯಾಕೋ ಬಾಟಲಿ ಇಪ್ಪತ್ತು ದಿನಕ್ಕೇ ಬರಿದಾಗತೊಡಗಿತು. ಉಳಿದ ದಿನ ಮತ್ತೆ ಅದೇ ಜಿಡ್ಡು, ಅದೇ ನಾತ. ನಾನೇ ಎಲ್ಲೋ ತಪ್ಪಿದೆನೇನೋ ಎಂದುಕೊಂಡೆ.

ಹುಣ್ಣಿಮೆಯ ಊಟ ಮುಗಿದ ಮಧ್ಯಾಹ್ನ ಆದಪ್ಪ ಗೂಡಿನೊಳಗಿನ ಬಾಟಲಿಯಿಂದ ಎರಡು ಗುಳಿಗೆ ಅಂಗೈಗೆ ಸುರಿದುಕೊಳ್ಳುವುದನ್ನು ಕಂಡೆ.

“ಏನ್ ಮಾಡಾಕತ್ತೀರಿ ಭಾವಾರ?”

“ಹುಗ್ಗಿ ಭಾಳ ಆತು. ಇದನ್ನ ತಗೊಂಡ್ರ ಕಲ್ಲು ತಿಂದ್ರೂ ಕರಗತೈತಿ.” ನುಂಗಿ, ಡರ್ರನೆ ತೇಗಿದ.

“ಹುಡುಗಿ ಒಣಗಾಕತ್ತೈತ್ರೀ!”

“ಎಷ್ಟು ತಿನಿಸಿದ್ರೂ ಅದು ಉಳಿಯೋ ಕೂಸಲ್ಲ, ಬಿಡು ಗ್ಯಾನಮ್ಮ.”

ನನ್ನ ಮೈ ಉರಿದುಹೋಯಿತು. ಹೇಳಿದರೆ ಬಾಟಲಿ ಹೋಗುತ್ತದೆ, ಹೇಳದಿದ್ದರೆ ಮಗಳು ಹೋಗುತ್ತಾಳೆ.

“ಅದನ್ನ ಹಂದಿ ಹೊಟ್ಟ್ಯಾಗಿಂದು ತಗದು ಮಾಡ್ಯಾರ್ರೀ,” ಎಂದೆ.

ನಗಲು ಹೋದವನು ನನ್ನ ಮುಖ ನೋಡಿ ಬಚ್ಚಲಿಗೆ ಓಡಿದ. ಹುಗ್ಗಿ, ತುಪ್ಪ, ಎಲ್ಲ ಹೊರಗೆ ಬಂತು. ನೋಡಲು ಅಸಹ್ಯ, ಆದರೂ ನಾನು ಕಣ್ಣು ತೆಗೆಯಲಿಲ್ಲ.

“ಅವ್ವಗ ಹೇಳ್ತೀನಿ. ಆ ಬಾಟ್ಲಿ ಈ ಮನ್ಯಾಗ ಇರಬಾರದು!”

“ಹೇಳ್ರಿ. ನೀವೆಷ್ಟು ತಿಂದೀರಿ ಅನ್ನೋದನ್ನೂ ಹೇಳ್ರಿ.”

ಸದ್ದು ಕೇಳಿ ಅತ್ತೆ ಬಂದರು. “ಏನಾತೋ ಆದಪ್ಪ?”

ಅವನು ನನ್ನನ್ನೇ ನೋಡಿದ. “ಏನಿಲ್ಲಬೇ. ಪಿತ್ತ ಆಗೇತಿ.”

ಆ ವಾಂತಿಯನ್ನು ನಾನು ತೊಳೆಯಲಿಲ್ಲ. ಪಂಪಮ್ಮನನ್ನು ಕರೆದು ಕೂರಿಸಿ, ಹುಗ್ಗಿ ಬಡಿಸಿ, ಅವನ ಎದುರಿಗೇ ಅವಳ ಅಂಗೈಗೆ ಗುಳಿಗೆ ಹಾಕಿದೆ.